ಸ್ಲೈಡಿನಲ್ಲಿ ಇಲ್ಲದ ಇಬ್ಬರು

ಮಾರ್ಚ್ ೪, ಬೆಳಿಗ್ಗೆ ೭.೧೦
ಮತ್ತೆ ಅದೇ ಫೈಲ್. ಹೆಸರು ‘ಫೈನಲ್-ಆರು’. ಸಮ್ಮೇಳನದಲ್ಲಿ ಹತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿ ಎರಡು ವರ್ಷವಾಯಿತು. ತೂಕ ಕಡಿಮೆಯಿರುವ ಶಿಶುವನ್ನು ತಾಯಿಯ ಎದೆಗೊತ್ತಿಯೇ ಆಂಬುಲೆನ್ಸಿನಲ್ಲಿ ತಂದರೆ ಮೈ ತಣ್ಣಗಾಗುವುದಿಲ್ಲ — ಇಷ್ಟೇ ವಿಷಯ. ನಲವತ್ತೊಂದು ಶಿಶುಗಳು, ಹನ್ನೆರಡು ಸ್ಲೈಡ್. ಅಲ್ಲಿ ಒಂದು ಬಾಣದ ಗುರುತು ಹಾಕಿದರೆ ಸಾಕಿತ್ತು. ಜರ್ನಲ್ಲಿಗೆ ಬರೆಯುವಾಗ ಬಾಣಕ್ಕೂ ವಾಕ್ಯ ಬೇಕು.
“ಹೇಳಿದ್ದನ್ನೇ ಬರೆಯೋಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ?” ಅಂದರು ನಮ್ಮೆಜಮಾನರು.

ಮಾರ್ಚ್ ೧೫
ಅಂತೂ ಕಳಿಸಿದೆ.

ಮಾರ್ಚ್ ೧೯
ವಾಪಸ್. ನಾಲ್ಕೇ ದಿನ! ಸಂಪಾದಕರು ವಿಮರ್ಶಕರಿಗೂ ಕಳಿಸಿಲ್ಲ. ಕಾರಣ: ಎಲ್ಲ ಶಿಶುಗಳೂ ಕೊನೆಗೆ ಏನಾದವೆಂದು ತಿಳಿಸಿಲ್ಲ. ಮೂವತ್ತೊಂಬತ್ತು ಮನೆಗೆ ಹೋದವು. ಉಳಿದೆರಡರ ಮುಂದೆ ‘ಬೇರೆ ವಾರ್ಡಿಗೆ’ ಎಂದು ನಾನೇ ಬರೆದಿದ್ದೇನೆ. ವೇದಿಕೆಯಲ್ಲಿ ಹೇಳಿದ್ದೇನು? ‘ಒಂದು ಮಗುವೂ ತೀರಿಕೊಳ್ಳಲಿಲ್ಲ.’

ಮಾರ್ಚ್ ೨೦, ಮಧ್ಯಾಹ್ನ
ಹೆಡ್ ನರ್ಸ್ ಸಿಸ್ಟರಮ್ಮನನ್ನು ಕೇಳಿದೆ. ಆಂಬುಲೆನ್ಸ್ ಬಂದಾಗೆಲ್ಲ ಪ್ರತಿ ಮಗುವಿನ ಮೈಬಿಸಿ ಅಳೆದು ಬರೆದಿಟ್ಟವರು ಅವರೇ.
“ಆ ಎರಡಾ? ಉಳೀಲಿಲ್ಲ ಡಾಕ್ಟ್ರೇ. ಒಂದು ಮೂರನೇ ದಿನ, ಇನ್ನೊಂದು ಐದನೇ ದಿನ. ಆಗಲೇ ಹೇಳಿದ್ದೆ. ನೀವು ಸ್ಲೈಡು ಮಾಡೋ ಗಡಿಬಿಡೀಲಿದ್ರಿ.”
ಮುಖಕ್ಕೆ ಹೊಡೆದ ಹಾಗಾಯಿತು. ಹೇಳಿದ್ದರೇ? ಹೇಳಿರಬೇಕು…

ಮಾರ್ಚ್ ೨೨
ವಿಭಾಗದ ಮುಖ್ಯಸ್ಥರ ಕೋಣೆ.
“ಎರಡನ್ನ ತೆಗೆದುಬಿಡಮ್ಮ. ಮೂವತ್ತೊಂಬತ್ತು ಅಂತ ಬರಿ.”
“ಸಮ್ಮೇಳನದಲ್ಲಿ ನಲವತ್ತೊಂದು ಅಂದಿದೀನಿ ಸರ್.”
“ಅಲ್ಲಿ ಅರ್ಧ ಜನ ಊಟದ ಕ್ಯೂನಲ್ಲಿದ್ರು!”
ತಾವೇ ನಕ್ಕರು. ನಾನೂ ನಕ್ಕೆ. ಅದಕ್ಕೇ ಈಗ ಮೈಯೆಲ್ಲ ಉರಿಯುತ್ತಿದೆ.

ಏಪ್ರಿಲ್ ೩೦
ಐದು ವಾರ ಫೈಲ್ ಮುಟ್ಟಲಿಲ್ಲ. ಇವತ್ತು ಲಿಫ್ಟಿನಲ್ಲಿ ಸಿಸ್ಟರಮ್ಮ ಸಿಕ್ಕರು.
“ಪೇಪರ್ ಏನಾಯ್ತು?”
“ಟೈಮೇ ಸಿಗ್ತಿಲ್ಲ.”
“ಆ ಎರಡನ್ನ ತೆಗೀಬೇಕು ಅಂದ್ರಂತಲ್ಲ ಸಾಹೇಬ್ರು. ಆ ಇಬ್ಬರು ಅಮ್ಮಂದಿರೂ ಮಗೂನ ಅವುಚ್ಕೊಂಡೇ ಹೊರಟಿದ್ರು ಡಾಕ್ಟ್ರೇ. ಅವರೇ ಇರಲಿಲ್ಲ ಅಂತ ಬರೀತೀರಾ?”
ನನ್ನ ಮಹಡಿ ಬಂತು. ಇಳಿಯಲು ಮರೆತೆ.

ಮೇ ೨
ಬರೆದೆ. ನಲವತ್ತೊಂದು. ಇಬ್ಬರು ತೀರಿಕೊಂಡರು. ಮುಖ್ಯಸ್ಥರು ಓದಿ, “ಹಾಗಾದ್ರೆ ನನ್ನ ಹೆಸರು ಬೇಡ” ಅಂದರು. ತೆಗೆದೆ. ಸಿಸ್ಟರಮ್ಮನ ಹೆಸರು ಸೇರಿಸಿದೆ — ಮೊದಲೇ ಇರಬೇಕಿತ್ತು. ಸಮ್ಮೇಳನದವರಿಗೂ ತಪ್ಪೊಪ್ಪಿಗೆಯ ಪತ್ರ. ಲೇಖನವನ್ನು ಬೇರೆ ಜರ್ನಲ್ಲಿಗೆ ಕಳಿಸಿದೆ.

ಜುಲೈ ೧೮
ಉತ್ತರ. ಮೊದಲ ವಿಮರ್ಶಕರಿಗೆ ನನ್ನ ಇಂಗ್ಲಿಷ್ ಹಿಡಿಸಿಲ್ಲ. ಎರಡನೆಯವರದು ಹದಿನೇಳು ಪ್ರಶ್ನೆ. ಒಂದೂ ಒಳ್ಳೆಯ ಮಾತಿಲ್ಲ. ಲ್ಯಾಪ್‌ಟಾಪ್ ರಪ್ಪೆಂದು ಮುಚ್ಚಿದೆ. ಮತ್ತೆ ತೆರೆದೆ. ಹದಿನೇಳನೆಯದು: ‘ತೀರಿಕೊಂಡ ಇಬ್ಬರ ಬಗ್ಗೆ ವಿವರವಾಗಿ ಬರೆಯಿರಿ. ಓದುಗರಿಗೆ ಬೇಕಾಗಿರುವುದು ಅದೇ.’

ಜುಲೈ ೧೯, ಬೆಳಿಗ್ಗೆ ೧೦.೪೦
ರಜೆಯಿದ್ದರೂ ಸಿಸ್ಟರಮ್ಮ ಬಂದರು. ಅವರು ಹಳೆಯ ಹಾಳೆ ಓದುವುದು, ನಾನು ಟೈಪ್ ಮಾಡುವುದು. ಮೊದಲನೆಯದು ಹೆಣ್ಣು. ಮೈಬಿಸಿ ಹೊರಟಾಗ ೩೬.೪ ಡಿಗ್ರಿ, ತಲುಪಿದಾಗ ೩೬.೬. ಬೆಚ್ಚಗೇ ಬಂದಿತ್ತು, ಸೋಂಕು ಬಿಡಲಿಲ್ಲ. ಎರಡನೆಯದು ಗಂಡು. ಹೊರಟಾಗ ೩೬.೫, ತಲುಪಿದಾಗ…
“ಮೂವತ್ನಾಲ್ಕು,” ಅಂದು ಸಿಸ್ಟರಮ್ಮ ಹಾಳೆಯನ್ನು ನನ್ನತ್ತ ತಿರುಗಿಸಿದರು. ಅಂಚಿನಲ್ಲಿ ಅವರದೇ ಪೆನ್ಸಿಲ್ ಅಕ್ಷರ: ‘ಅರ್ಧ ದಾರಿಯಲ್ಲಿ ತಾಯಿಗೆ ಪ್ರಜ್ಞೆ ತಪ್ಪಿತು. ಮಗುವನ್ನು ಎತ್ತಿಕೊಳ್ಳಲು ಯಾರೂ ಇರಲಿಲ್ಲ.’
ಹನ್ನೆರಡು ಸ್ಲೈಡಿನಲ್ಲಿ ಎಲ್ಲೂ ಇದಿಲ್ಲ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದೇ ಆಗಿತ್ತು. ಸಿಸ್ಟರಮ್ಮ ಕಿಟಕಿಯ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಈಗ ಆ ವಾಕ್ಯ ಬರೆಯಬೇಕು — ತಾಯಿಯ ಜೊತೆ ಇನ್ನೊಬ್ಬರು ಇರಲೇಬೇಕು, ಏಕೆಂದರೆ…