ಸ್ಕೂಟರ್ ಡಿಕ್ಕಿಯೊಳಗಿನ ಡಬ್ಬಿ

ಸಂಗಮೇಶ,

ಅವ್ವನ್ನ ಕರಕೊಂಡು ಹೆಬ್ಬಾಳದ ದವಾಖಾನಿಗೆ ಹೊಂಟೀನಿ. ಅನ್ನ ಕುಕ್ಕರಿನ್ಯಾಗ ಐತಿ. ಅವ್ವನ ಸೀರಿ ಬಕೆಟಿನ್ಯಾಗ ನೆನಸೀನಿ, ರಕ್ತ ಹತ್ತೇತಿ, ತಣ್ಣೀರಾಗ ನೀನೇ ಒಗಿ.

ಅವ್ವಗ ಮುಟ್ಟು ನಿಂತು ಹದಿನಾಲ್ಕು ವರ್ಷದ ಮ್ಯಾಲ ರಕ್ತ ಹೋದಾಗ ‘ಉಷ್ಣ ಆಗೇತಿ, ಮಜ್ಜಿಗಿ ಕುಡಿ’ ಅಂದವ ನೀನು. ಅದನ್ನ ನುಂಗಿಕೊಂಡೆ. ಗರ್ಭಚೀಲದಾಗ ಎರಡು ಜಾತಿ ಕ್ಯಾನ್ಸರ್ ಕೂಡ್ಯಾವ, ಬಾಳ ಅಪರೂಪದ್ದು, ಪರೀಕ್ಷೆಗಂತ ಅದರಿಂದ ತಗದು ಮೇಣದಾಗಿಟ್ಟ ತುಂಡು ಇನ್ನೊಮ್ಮೆ ನೋಡಬೇಕು ಅಂದ್ರು ಡಾಕ್ಟರ್. ಲ್ಯಾಬಿನಿಂದ ತಾ ಅಂತ ನಿನ್ನ ಕಳಿಸಿದೆ. ಅದರ ಡಬ್ಬಿ ತಂದಿ, ಮನಿಯೊಳಗ ತರಲಿಲ್ಲ! ಐದು ದಿನ ಈ ಏಪ್ರಿಲ್ ಬಿಸಿಲಾಗ ಸ್ಕೂಟರ್ ಡಿಕ್ಕಿಯೊಳಗ, ಗಾಡಿ ಒರೆಸೋ ಅರಿವಿ ಕೆಳಗ ಇಟ್ಟಿ. ಕೇಳಿದ್ರ ‘ದೇವರ ಜಗಲಿ ಇರೋ ಮನಿ, ಅಂಥದ್ದು ಒಳಗ ಬ್ಯಾಡ’ ಅಂದಿ.

ಮೇಣ ಒಂದು ಬದಿ ಕರಗೇತಿ. ಪರೀಕ್ಷೆಗೆ ಬರತೈತೋ ಇಲ್ಲೋ ಗೊತ್ತಿಲ್ಲ. ಬರಲಿಲ್ಲಂದ್ರ ಅವ್ವನ ಒಳಗಿಂದ ಮತ್ತೊಮ್ಮೆ ತುಂಡು ತಗೀತಾರ. ಆ ಮಾತು ಅವ್ವಗ ನೀನೇ ಹೇಳಬೇಕು, ನಾ ಹೇಳಂಗಿಲ್ಲ.

ಸಂಜಿಗೆ ಜಗಲಿಗೆ ದೀಪ ಹಚ್ಚು. ಕೈ ಮುಗಿಯುವಾಗ ಒಂದು ನೆನಪಿಟ್ಕೊ. ಒಳಗ ಬ್ಯಾಡ ಅಂದಿಯಲ್ಲ, ಅದರಾಗ ನೀ ಒಂಬತ್ತು ತಿಂಗಳು ಇದ್ದಿ. ಅವ್ವ ನಿನ್ನ ಹೊರಗಿಡಲಿಲ್ಲ.

ನಿನ್ನ ಅಕ್ಕ