ಅಯ್ನೋರ ತೂಕ

ಜಯನಗರ, ಬೆಂಗಳೂರು
ಮಂಗಳವಾರ, 31-7-2001

ಸಿರಿ ಅಪ್ಪನಿಗೆ ಶೈಲಳ ನಮಸ್ಕಾರಗಳು.

ಹೇಗಿದ್ದೀರಿ? ಗುಲ್ಬರ್ಗದಲ್ಲಿ ಮಳೆ ಬಿತ್ತಾ, ಇಲ್ಲಾ ಇನ್ನೂ ಅದೇ ಧಗೆನಾ? ಹೋದ ಸಲ ಬಂದಾಗ ಕೆಮ್ತಾ ಇದ್ರಿ, ಅದು ಪೂರ್ತಿ ಹೋಯ್ತೋ ಇಲ್ವೋ ಬರೀರಿ. ಖಾನಾವಳಿ ಊಟದಲ್ಲಿ ಎಣ್ಣೆ ಜಾಸ್ತಿ ಅಂತ ನನಗೆ ಗೊತ್ತು. ಶೇಂಗಾ ಚಟ್ನಿಪುಡಿ ಮೇಲೆ ಇನ್ನಷ್ಟು ಎಣ್ಣೆ ಸುರ್ಕೊಂಡು ತಿನ್ನೋದು ನಿಮಗಿಷ್ಟ ಅಂತಾನೂ ಗೊತ್ತು. ಬ್ರಾಂಚಿನೋರೆಲ್ಲ ನಿಂತು ತೆಗೆಸ್ಕೊಂಡ ಫೋಟೋ ಕಳಿಸಿದ್ರಲ್ಲ, ಅದರಲ್ಲಿ ನನಗೆ ಮೊದಲು ಕಾಣಿಸಿದ್ದು ಹೊಟ್ಟೆ, ಆಮೇಲೆ ನೀವು. ಇರ್ಲಿ, ಅದರ ವಿಚಾರಣೆ ನೀವು ಬಂದಾಗ ಮಾಡ್ತೀನಿ. ಈಗ ಬರೀತಿರೋದು ನಿಮ್ಮಪ್ಪನ ವಿಷಯ. ಫೋನಲ್ಲಿ ಹೇಳೋಣ ಅಂದ್ರೆ ಫೋನಿರೋದು ಹಾಲ್‌ನಲ್ಲಿ, ಅದರ ಪಕ್ಕದ ಕುರ್ಚೀಲಿ ಮಾವ. ಅವರನ್ನ ಎದುರಿಗೆ ಕೂರಿಸ್ಕೊಂಡು ಅವರ ಮೇಲೆ ದೂರು ಹೇಳೋಕೆ ನನ್ನಿಂದ ಆಗಲ್ಲ. ನಮ್ಮ ಆಫೀಸ್ ಫೋನಿಗೆ ಎಸ್‌ಟಿಡಿ ಇಲ್ಲ. ಅದಕ್ಕೇ ಕಾಲೇಜಿನ ಆಫೀಸಲ್ಲಿ, ಅಡ್ಮಿಷನ್ ಫಾರಂಗಳ ಗುಡ್ಡೆ ಪಕ್ಕಕ್ಕೆ ಸರಿಸಿ, ಊಟದ ಹೊತ್ತಲ್ಲಿ ಬರೀತಾ ಇದ್ದೀನಿ. ಅಕ್ಷರ ಸೊಟ್ಟಗಿದ್ರೆ ಅದು ಕೋಪಕ್ಕೆ ಅಂತ ತಿಳ್ಕೊಳ್ಳಿ.

ಜೂನ್‌ನಲ್ಲಿ ಡಾಕ್ಟರು ಹೇಳಿದಾಗ ನೀವೂ ಪಕ್ಕದಲ್ಲೇ ಇದ್ರಿ. ಹರ್ನಿಯ ದೊಡ್ಡದಾಗ್ತಿದೆ, ಆಪರೇಷನ್ ಮಾಡ್ಲೇಬೇಕು, ಆದ್ರೆ ಎಂಬತ್ತಾರು ಕೆಜಿ ಮೈಗೆ ಕತ್ತರಿ ಹಾಕಿದ್ರೆ ಹೊಲಿಗೆ ನಿಲ್ಲಲ್ಲ, ಗಣೇಶನ ಹಬ್ಬದ ಹೊತ್ತಿಗೆ ಎಂಬತ್ತಕ್ಕೆ ಇಳಿಸ್ಕೊಂಡು ಬನ್ನಿ ಅಂದ್ರು. ಹಾಗೇ ಬಿಟ್ಟು ಕರುಳು ಸಿಕ್ಕಿಹಾಕ್ಕೊಂಡ್ರೆ ಆಗ ತೂಕ ಗೀಕ ನೋಡೋಕೆ ಟೈಮಿರಲ್ಲ, ಎಪ್ಪತ್ನಾಲ್ಕನೇ ವಯಸ್ಸಲ್ಲಿ ಅದು ಪ್ರಾಣಕ್ಕೇ ಬರಬಹುದು ಅಂತಾನೂ ಅಂದ್ರು. ನೀವು ದೊಡ್ಡದಾಗಿ ತಲೆ ಆಡಿಸಿದ್ರಿ, ‘ಶೈಲ ನೋಡ್ಕೋತಾಳೆ ಬಿಡಿ ಡಾಕ್ಟ್ರೇ’ ಅಂದ್ರಿ, ಸಾಯಂಕಾಲದ ರೈಲು ಹತ್ತಿದ್ರಿ. ಶೈಲ ನೋಡ್ಕೊಂಡ ಚೆಂದ ಕೇಳಿ.

ಬೆಳಿಗ್ಗೆ ಐದೂವರೆಗೆ ಎದ್ದು ಒಂದೇ ಒಲೆಮೇಲೆ ಎರಡು ಥರ ಅಡುಗೆ ಮಾಡೋಕಾಗಲ್ಲ ಅಂತ ಇಡೀ ಮನೇನೇ ಡಾಕ್ಟರ ಚಾರ್ಟಿಗೆ ಹಾಕಿದೆ. ರಾಗಿ ಗಂಜಿ, ಮಧ್ಯಾಹ್ನಕ್ಕೆ ಎರಡು ಚಪಾತಿ, ಎಣ್ಣೆ ಕಮ್ಮಿ ಹಾಕಿದ ಪಲ್ಯ, ಕೋಸಂಬರಿ, ರಾತ್ರಿ ಏಳಕ್ಕೆ ಸೊಪ್ಪಿನ ಸಾರು, ಒಂದು ಮುದ್ದೆ. ಸಿರಿ ಮೂರು ದಿನ ತಿಂದು, ‘ಅಮ್ಮ, ನಾನು ಹಸು ಅಲ್ಲ’ ಅಂದ್ಲು. ಸ್ಕೂಲ್ ಪಕ್ಕದ ಬೇಕರೀಲಿ ಪಫ್ಸ್ ತಿಂದು ಬರ್ತಾಳೆ ಅಂತ ಅವಳ ಯೂನಿಫಾರ್ಮ್ ಮೇಲಿನ ಚೂರು ನೋಡಿದ್ರೇ ಗೊತ್ತಾಗತ್ತೆ. ಮಾವನ ಮಧ್ಯಾಹ್ನದ ಊಟ ಹಾಟ್‌ಬಾಕ್ಸಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ಎಂಟೂಕಾಲಿನ ಬಸ್ಸಿಗೆ ಓಡ್ತೀನಿ. ನಾನು ಓಡೋ ಓಟಕ್ಕೆ ನನ್ನ ತೂಕ ಇಳೀಬೇಕಿತ್ತು. ಇಳಿದಿಲ್ಲ, ಅದನ್ನೂ ಹೇಳ್ತೀನಿ.

ಆಷಾಢ ಮುಗಿಯೋ ತನಕ ಹೇಗೋ ಕಳೀತು. ಒಂದೂವರೆ ಕೆಜಿ ಇಳಿದ್ರು, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಬಂತಲ್ಲ ಶ್ರಾವಣ. ಜಂಗಮರ ಮನೇಲಿ ಹುಟ್ಟಿದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದ್ರೂ ಹೊಟ್ಟೆ ಉರಿದು ಹೇಳ್ತೀನಿ. ಬೇರೆಯೋರ ಮನೇಲಿ ಮಾವನೋರು ಊಟಕ್ಕೆ ಹೋದ್ರೆ ಅದು ಊಟ. ನಮ್ಮ ಮಾವ ಹೋದ್ರೆ ಅದು ಪೂಜೆ. ಅಯ್ನೋರು ಉಂಡು ಎದ್ದ ಮೇಲೇ ಆ ಮನೆಯೋರು ಬಾಯಿಗೆ ಅನ್ನ ಇಡೋದು. ಅಯ್ನೋರು ಎಷ್ಟು ತಿಂದ್ರೆ ಅಷ್ಟು ಪುಣ್ಯ. ಎಲೇಲಿ ಒಂದಗಳು ಬಿಡೋ ಹಾಗಿಲ್ಲ, ಅದು ಪ್ರಸಾದ. ಕರೆಯೋಕೆ ಬಂದೋರಿಗೆ ಇಲ್ಲ ಅನ್ನೋ ಹಾಗೂ ಇಲ್ಲ, ಅದು ಬಿನ್ನಹ. ಪೋಸ್ಟಾಫೀಸಲ್ಲಿ ಮೂವತ್ತೈದು ವರ್ಷ ಸೀಲು ಹೊಡೆದು ರಿಟೈರಾದ ಮನುಷ್ಯ ಈಗ ಗಿರಿನಗರದಿಂದ ಬಿ.ಟಿ.ಎಂ. ಲೇಔಟಿನ ತನಕ ಎಲ್ಲರಿಗೂ ಬೇಕಾದ ಅಯ್ನೋರು. ದಾವಣಗೆರೆ ಕಡೆಯೋರು, ತುಮಕೂರು ಕಡೆಯೋರು, ಹೋದ ವರ್ಷ ಬಂದು ಬಾಡಿಗೆಗೆ ಸೇರಿದ ಕೊಪ್ಪಳದೋರು, ಎಲ್ಲರಿಗೂ ಶ್ರಾವಣ ಸೋಮವಾರಕ್ಕೆ ಜಂಗಮರು ಬೇಕು. ಈ ಊರಲ್ಲಿ ಜಂಗಮರು ಎಲ್ಲಿ ಸಿಗ್ತಾರೆ? ಸಿಗೋರೆಲ್ಲ ಆಫೀಸಿಗೆ ಹೋಗಿರ್ತಾರೆ.

ಮೊದಲನೇ ಬಿನ್ನಹ ಬಂದಿದ್ದು ಬನಶಂಕರಿ ಗುರುಶಾಂತಪ್ಪನೋರ ಮನೆಯಿಂದ, ಕಬ್ಬಿಣದ ಅಂಗಡಿಯೋರು, ನಿಮಗೆ ಗೊತ್ತಲ್ಲ. ನಾನು ಹಿಂದಿನ ದಿನವೇ ಅವರ ಹೆಂಡತಿಗೆ ಫೋನ್ ಮಾಡಿ, ಡಾಕ್ಟರು ಹೀಗ್ಹೀಗೆ ಅಂದಿದಾರೆ, ಸ್ವಲ್ಪ ಕೈ ಬಿಗಿಹಿಡಿದು ಬಡಿಸಿ ಅಂತ ಕೇಳ್ಕೊಂಡೆ. ‘ಅಯ್ಯೋ ಆಪರೇಷನ್ನಾ, ಹಾಗಾದ್ರೆ ಮೈಯಲ್ಲಿ ಶಕ್ತಿ ಇರಬೇಕಲ್ವಾ’ ಅಂದ್ರು. ಆವತ್ತು ಮಾವ ಐದು ಹೋಳಿಗೆ ತಿಂದು ಬಂದ್ರು. ಸ್ಕೂಲ್ ರಜ ಅಂತ ಜೊತೇಲಿ ಹೋಗಿದ್ದ ಸಿರಿ ಎಣಿಸಿದಾಳೆ. ತುಪ್ಪ ಎಣಿಸೋಕಾಗ್ಲಿಲ್ಲ ಅಂದ್ಲು. ನಾಡಿದ್ದಿಗೆ ಇನ್ನೊಬ್ಬರ ಮನೆ. ಮಾವ ಹೀಗೆ ಹೊರಗೆ ಉಂಡು ಬಂದ ದಿನವೆಲ್ಲ ಮನೆ ಹಾಟ್‌ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ಇರತ್ತೆ. ಅನ್ನ ಬಿಸಾಕೋ ಪದ್ಧತಿ ನಿಮ್ಮ ಮನೇಲಿಲ್ಲ, ನನ್ನ ತವರಲ್ಲೂ ಇಲ್ಲ. ಸಿರಿ ಮುಟ್ಟಲ್ಲ. ಸಾಯಂಕಾಲ ಬಸ್ಸಿಳಿದು ಬಂದು, ಚಪ್ಪಲಿ ಬಿಚ್ಚಿ, ಅವರ ಚಾರ್ಟು ನಾನು ತಿಂತೀನಿ, ಆಮೇಲೆ ನನ್ನ ಚಾರ್ಟೂ ನಾನೇ ತಿಂತೀನಿ. ನನಗೆ ಎರಡು ಕೆಜಿ ಜಾಸ್ತಿ ಆಗಿದೆ. ನಗಬೇಡಿ.

ಈಗ ನನ್ನ ತಪ್ಪು ಹೇಳ್ತೀನಿ, ಬೈಬೇಡಿ, ಬೈಸ್ಕೊಂಡಾಗಿದೆ. ಡಾಕ್ಟರ ಮಾತಿಗೆ ಈ ಜನ ಬೆಲೆ ಕೊಡಲ್ಲ, ದೇವರ ಮಾತಿಗಾದ್ರೂ ಕೊಡ್ತಾರೆ ಅಂತ ಯೋಚಿಸಿ, ಅಮಾವಾಸ್ಯೆ ಆದ ವಾರದಲ್ಲೇ ಗುರುಶಾಂತಪ್ಪನೋರ ಹೆಂಡತಿಗೆ ಆಫೀಸಿಂದ ಮತ್ತೆ ಫೋನ್ ಮಾಡಿದೆ. ‘ನಮ್ಮ ಮಾವ ಈ ಶ್ರಾವಣ ವ್ರತ ಹಿಡಿದಿದಾರೆ, ಅನ್ನ, ಹೋಳಿಗೆ, ಕರಿದದ್ದು ಮುಟ್ಟಲ್ಲ’ ಅಂದುಬಿಟ್ಟೆ. ಅವರ ಕಿವಿಗೆ ಬಿದ್ರೆ ಬನಶಂಕರಿಗೆಲ್ಲ ಬಿದ್ದ ಹಾಗೆ ಅಂತ ಗೊತ್ತಿತ್ತು, ಅದಕ್ಕೇ ಅವರಿಗೇ ಹೇಳಿದ್ದು. ಎಷ್ಟು ಜಾಣೆ ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ. ಆಗಿದ್ದೇನು ಗೊತ್ತಾ? ಇಷ್ಟು ದಿನ ಬರೀ ಅಯ್ನೋರಾಗಿದ್ದೋರು ಈಗ ವ್ರತದ ಅಯ್ನೋರಾದ್ರು. ಎರಡು ದಿನಕ್ಕೊಂದು ಬರ್ತಿದ್ದ ಬಿನ್ನಹ ದಿನಾ ಬರೋಕೆ ಶುರುವಾಯ್ತು. ಅನ್ನ ಇಲ್ದೇ ಅಯ್ನೋರು ಬಳಲಿರ್ತಾರೆ ಅಂತ ಒಬ್ಬರ ಮನೇಲಿ ಸಬ್ಬಕ್ಕಿ ಕಿಚಡಿ, ಒಬ್ಬರ ಮನೇಲಿ ತುಪ್ಪದಲ್ಲಿ ಹುರಿದ ಗೋಡಂಬಿ, ಬಾಳೆಹಣ್ಣಿನ ರಸಾಯನ, ಬಾದಾಮಿ ಹಾಲು. ಹೋಳಿಗೆ ಮುಟ್ಟಲ್ಲ ಅಂದಿದ್ದೆನಲ್ಲ, ಒಬ್ಬ ಪುಣ್ಯಾತ್ಗಿತ್ತಿ ಖರ್ಜೂರದ ಉಂಡೆ ಕಟ್ಟಿ, ಇದು ಹಣ್ಣಿನ ಲೆಕ್ಕ ಬುದ್ಧಿ ಅಂತ ನಾಲ್ಕು ಬಡಿಸಿದಾರೆ. ನಾನು ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋ ಜಾಣರು ಈ ಬೆಂಗಳೂರಲ್ಲಿ ಇದ್ದಾರೆ.

ಕೊಪ್ಪಳದ ಮುರಿಗೆವ್ವ ಅಂತ, ಮಗನ ಜೊತೆ ಬಿ.ಟಿ.ಎಂ.ನಲ್ಲಿರೋ ಮುದುಕಿ, ಮಾವನ ಪಾದ ಮುಟ್ಟಿ, ‘ನಿಮ್ಮಂಥಾ ವ್ರತಸ್ಥರು ನಮ್ಮನಿಗೆ ಬಂದಿದ್ದು ನಮ್ಮ ಪುಣ್ಯಾರೀ ಅಪ್ಪಾರ’ ಅಂದಾಗಲೇ ಮಾವನಿಗೆ ಈ ವ್ರತದ ವಿಷಯ ಗೊತ್ತಾಗಿದ್ದು. ಮಾರನೇ ದಿನ ಬೆಳಿಗ್ಗೆ ನಾನು ಚಪಾತಿ ಲಟ್ಟಿಸ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, ‘ನನ್ನ ಬಾಯಲ್ಲಿ ಬರದ ವ್ರತಾನ ನನ್ನ ತಲೆಗೆ ಕಟ್ಟಿದೆಯಲ್ಲ ತಾಯಿ. ಕಟ್ಟಿದ ಮೇಲೆ ನಾನು ಮುರಿಯಲ್ಲ’ ಅಂದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ನಿಜವಾಗ್ಲೂ ಮುರೀತಿಲ್ಲ. ಅನ್ನ, ಹೋಳಿಗೆ, ಕರಿದದ್ದು ಮುಟ್ಟಲ್ಲ. ಮಿಕ್ಕಿದ್ದೆಲ್ಲ ಹೋದ ಮನೆಯೋರಿಗೆ ತೃಪ್ತಿ ಆಗೋಷ್ಟು ತಿಂತಾರೆ. ವ್ರತದಲ್ಲಿ ಎಷ್ಟು ತಿನ್ನಬೇಕು ಅಂತ ನಾನು ಸೇರಿಸಿರಲಿಲ್ಲವಲ್ಲ.

ಶನಿವಾರ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಎಂಬತ್ತೇಳೂವರೆ. ಶುರು ಮಾಡಿದ್ದಕ್ಕಿಂತ ಒಂದೂವರೆ ಜಾಸ್ತಿ. ಡಾಕ್ಟರು ಅವರನ್ನೇನೂ ಕೇಳ್ಲಿಲ್ಲ, ನನ್ನ ಮುಖ ನೋಡಿ, ‘ಏನಮ್ಮಾ, ಮನೇಲಿ ಇವರನ್ನ ನೋಡ್ಕೊಳ್ಳೋರು ಯಾರೂ ಇಲ್ವಾ?’ ಅಂದ್ರು. ಐದೂವರೆಗೆ ಏಳೋಳು ನಾನು. ಇದಿಷ್ಟೇ ಆಗಿದ್ರೆ ನಿಮಗೆ ಕಾಗದ ಬರೀತಿರ್ಲಿಲ್ಲ, ಎಂದಿನ ಹಾಗೆ ನುಂಗ್ಕೊಂಡು ಸುಮ್ಮನಿರ್ತಿದ್ದೆ. ಆದ್ರೆ ನಿನ್ನೆ ಸೋಮವಾರ ಸಾಯಂಕಾಲ ಬಿನ್ನಹ ಮುಗಿಸ್ಕೊಂಡು ಆಟೋ ಇಳಿದೋರು ಹೊಟ್ಟೆ ಕೆಳಗೆ ಕೈ ಒತ್ತಿಹಿಡಿದು ಎದುರುಮನೆ ಕಟ್ಟೆಮೇಲೆ ಹತ್ತು ನಿಮಿಷ ಕೂತ್ಬಿಟ್ರಂತೆ. ಮೈಯೆಲ್ಲ ಬೆವರು. ‘ಅಮ್ಮಂಗೆ ಹೇಳಬೇಡ’ ಅಂದ್ರಂತೆ, ಸ್ಕೂಲಿಂದ ಬರ್ತಾ ನೋಡಿದ ಸಿರಿಗೆ. ಅವಳು ಹೇಳಿದ್ಲು, ಅಳ್ತಾ ಹೇಳಿದ್ಲು. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಈ ಸಲ ಕರುಳು ತಾನಾಗೇ ಒಳಗೆ ಹೋಗಿದೆ, ಇನ್ನೊಂದು ಸಲ ಹೋಗ್ದೇ ಇದ್ರೆ ಆ ಕ್ಷಣವೇ ಆಸ್ಪತ್ರೆಗೆ ತನ್ನಿ ಅಂದ್ರು. ನನಗೆ ಭಯ ಆಗಿದೆ ರೀ. ಕೋಪ ಅಂತ ಬರೀತಾ ಬಂದೆ, ನಿಜ ಹೇಳ್ಬೇಕಂದ್ರೆ ಭಯ.

ಇನ್ನೂ ಎರಡು ಸೋಮವಾರ ಬಾಕಿ ಇದೆ, ಮಧ್ಯದ ದಿನಗಳೂ ಹೆಚ್ಚುಕಮ್ಮಿ ಭರ್ತಿ. ನಾನು ಹೋಗ್ಬೇಡಿ ಅಂದ್ರೆ ಸೊಸೆ ಮಾವನ ತುತ್ತು ಎಣಿಸ್ತಾಳೆ ಅಂತಾಗತ್ತೆ. ನೀವು ಮಗ, ನಿಮ್ಮ ಮಾತು ಬೇರೆ. ಈ ಕಾಗದ ಮುಟ್ಟಿದ ದಿನವೇ ಅವರಿಗೊಂದು ಬರೀರಿ. ನಯವಾಗಿ ಬೇಡ, ಗಟ್ಟಿಯಾಗಿ ಬರೀರಿ. ಇನ್ನು ಯಾರ ಬಿನ್ನಹಾನೂ ಒಪ್ಪಬೇಡಿ, ಶೈಲ ಕೊಟ್ಟಿದ್ದು ತಿಂದ್ಕೊಂಡು ಮನೇಲಿರಿ ಅಂತ ಬರೀರಿ.

ಸಿರಿ ಕಿರುಪರೀಕ್ಷೇಲಿ ಗಣಿತಕ್ಕೆ ನಲವತ್ತು ತೆಗೆದಿದಾಳೆ, ಐವತ್ತಕ್ಕೆ. ನಿಮ್ಮ ಸ್ವೆಟರ್ ಒಗೆದಿಟ್ಟಿದೀನಿ. ರಾತ್ರಿ ಮಜ್ಜಿಗೆ ಕುಡೀಬೇಡಿ, ಕೆಮ್ಮಿಗಾಗಲ್ಲ. ಎಣ್ಣೆ ಕಮ್ಮಿ ಮಾಡಿ. ನಿಮ್ಮ ಆರೋಗ್ಯ ನಿಮ್ಮ ಕೈಲಿದೆ, ಇಲ್ಲಿಂದ ನಾನು ಅದನ್ನೂ ಕಾಯೋಕಾಗಲ್ಲ.

ನಿಮ್ಮ,
ಶೈಲಶ್ರೀ

ತಾ.ಕ.: ಬುಧವಾರ ಬೆಳಿಗ್ಗೆ, ಆಫೀಸಿಂದ. ಲಕೋಟೆ ಅಂಟಿಸೋಕೆ ಮುಂಚೆ ಇದನ್ನ ಸೇರಿಸ್ತಿದೀನಿ, ಸಾಹೇಬ್ರು ಕರೀತಿದಾರೆ, ಬೇಗ ಬೇಗ. ನಿನ್ನೆ ಸಾಯಂಕಾಲ ತಡೀಲಾರದೆ ಮಾವನ್ನ ಕೇಳೇಬಿಟ್ಟೆ, ಒಬ್ಬರಿಗಾದ್ರೂ ಇಲ್ಲ ಅನ್ನೋಕಾಗಲ್ವಾ ಅಂತ. ‘ದಿನಕ್ಕೆ ಒಂದೇ ಬಿನ್ನಹ ಒಪ್ಪೋದು ತಾಯಿ, ಮೊದಲು ಬಂದು ಕರೆದೋರ ಮನೆಗೆ ಹೋಗ್ತೀನಿ, ಕರೆದೋರಿಗೆ ಇಲ್ಲ ಅನ್ನೋಕೆ ನಾನ್ಯಾರು’ ಅಂದ್ರು. ಇವತ್ತು ಐದಕ್ಕೇ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಕೊಂಡು, ಅವರ ಲಿಂಗಪೂಜೆ ಮುಗಿಯೋದನ್ನೇ ಕಾದು, ಬಾಗಿಲಲ್ಲಿ ನಿಂತು ಕೈಮುಗಿದೆ. ‘ಬುದ್ಧಿ, ಇವತ್ತು ನಮ್ಮನೇಲಿ ಪ್ರಸಾದಕ್ಕೆ ದಯಮಾಡಿಸಬೇಕು’ ಅಂದೆ. ಮನೆಯೋರೇ ಮನೆಯೋರಿಗೆ ಬಿನ್ನಹ ಹೇಳೋದು ಶಾಸ್ತ್ರದಲ್ಲಿ ಉಂಟೋ ಇಲ್ವೋ ನನಗೆ ಗೊತ್ತಿಲ್ಲ. ಕನ್ನಡಕ ಹಾಕ್ಕೊಂಡು ನನ್ನನ್ನ ನೋಡಿದ್ರು. ಆಮೇಲೆ ‘ಆಗ್ಲಿ’ ಅಂದ್ರು. ಪಾದ ತೊಳೆದು, ಚಾಪೆ ಹಾಸಿ, ಎರಡು ರಾಗಿ ರೊಟ್ಟಿ, ದಂಟಿನಸೊಪ್ಪಿನ ಪಲ್ಯ, ಕೋಸಂಬರಿ ಬಡಿಸಿದೆ. ಅವರು ಉಂಡು ಏಳೋ ತನಕ ಎದುರಿಗೇ ಕೂತಿದ್ದೆ, ಕೂರಲೇಬೇಕಲ್ಲ, ಅದು ಪದ್ಧತಿ. ಬಾಯಿ ತಡೀದೆ ಇನ್ನೊಂದು ಹಾಕ್ಲಾ ಅಂತಾನೂ ಕೇಳ್ದೆ. ‘ಸಾಕು’ ಅಂದ್ರು. ತಟ್ಟೆ ತೊಳೆದು ಆ ನೀರು ಕುಡಿದು ಎದ್ದೋರು, ‘ನಿಮ್ಮತ್ತೆ ಹೋದ್ಮೇಲೆ ಈ ಮನೇಲಿ ನನ್ನ ಊಟಕ್ಕೆ ಯಾರೂ ಕರೆದಿರ್ಲಿಲ್ಲ ಶೈಲ. ಇಟ್ಟಿರ್ತಿದ್ರಿ, ಅಷ್ಟೇ’ ಅಂದ್ರು. ಎಂಟಕ್ಕೆ ಗುರುಶಾಂತಪ್ಪನೋರ ಫೋನ್ ಬಂತು, ಮಾವನೇ ಎತ್ತಿ, ‘ಇವತ್ತು ಬಿನ್ನಹ ಆಗಿದೆ’ ಅಂದ್ರು. ಬಸ್ ತಪ್ಪಿತು, ತಪ್ಪಲಿ, ಹಬ್ಬದ ತನಕ ದಿನಾ ಹೀಗೇ ಕರೀತೀನಿ. ನೀವು ಅವರಿಗೆ ಕಾಗದ ಬರೀಬೇಡಿ. ಎರಡು ದಿನ ರಜೆ ಹಾಕಿ, ಭಾನುವಾರವೇ ಬಂದುಬಿಡಿ. ಸೋಮವಾರ ಬೆಳಿಗ್ಗೆ ನಿಮ್ಮಪ್ಪನ್ನ ನೀವು ಊಟಕ್ಕೆ ಕರೀರಿ.