ಬಾಗಿಲು ಮಾಡಿದವಳು ಬಂದೇ ಇಲ್ಲವಂತೆ

ಮರಗೆಲಸ ತರಬೇತಿಯ ಹಾಜರಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಶ್ರೀಜಾ ತರಬೇತಿ ತೊರೆದು ಹೋಗಿದ್ದಾಳೆಂಬ ತಮ್ಮ ನೋಟಿಸು ತಲುಪಿತು. ಸಹಿ ಹಾಕಿ ಪಡೆಯಲು ಅವಳು ಮನೆಯಲ್ಲಿರಲಿಲ್ಲ, ತರಬೇತಿಗೆ ಹೋಗಿದ್ದಳು.

ನಾನು ಅರಸೀಕೆರೆಯ ಒಂದು ಪ್ರೌಢಶಾಲೆಯ ಗುಮಾಸ್ತ. ಪಿಯುಸಿ ಮುಗಿಸಿದ ಮಗಳು "ಓದು ಸಾಕಪ್ಪ, ಬಾಗಿಲು ಕಿಟಕಿ ಮಾಡೋದು ಕಲೀತೀನಿ" ಎಂದಾಗ ಎರಡು ದಿನ ಮಾತು ಬಿಟ್ಟೆ. ಅವಳನ್ನು ಬ್ಯಾಂಕಿನ ಕುರ್ಚಿಯಲ್ಲಿ ಕಲ್ಪಿಸಿಕೊಂಡಿದ್ದೆ. ಅವಳು ಕುರ್ಚಿಯನ್ನೇ ಮಾಡಲು ಹೊರಟಿದ್ದಳು. ಮೂರನೆಯ ದಿನ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಬಾಣಾವರ ರಸ್ತೆಯಲ್ಲಿ ಮರಗೆಲಸ ಮಾಡುವ ಕರಿಯಯ್ಯನವರ ಶೆಡ್ಡಿಗೆ ಬಿಟ್ಟು ಬಂದೆ. ತಮ್ಮ ಯೋಜನೆಯಡಿ ಒಂದು ವರ್ಷದ ಅಪ್ರೆಂಟಿಸ್, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ದಿನಾ ಬೆಳಿಗ್ಗೆ, ಸಂಜೆ ಶೆಡ್ಡಿನಲ್ಲಿಟ್ಟ ತಮ್ಮ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು, ಅಷ್ಟೇ.

ಮೊದಲ ತಿಂಗಳು ಅವಳು ನೋಡುತ್ತ ನಿಂತಿದ್ದಳು, ಪೂರ್ತಿ ಹಾಜರಿ. ಆಮೇಲೆ ಉಪ್ಪುಕಾಗದ ಹಿಡಿದು ಬಾಗಿಲು ಉಜ್ಜತೊಡಗಿದಳು. ಮರದ ಜೊತೆ ಬೆರಳೂ ನುಣ್ಣಗಾಯಿತು. ರೇಖೆ ಸಿಗದ ಯಂತ್ರ ಗೈರು ಎಂದಿತು. ಕರಿಯಯ್ಯನವರು ತಮಗೆ ಫೋನ್ ಮಾಡಿ, "ಸ್ವಾಮಿ, ಹುಡ್ಗಿ ನನ್ ಮುಂದೇ ಅವ್ಳೆ, ಚೌಕಟ್ಟು ಜೋಡಿಸ್ತಾವ್ಳೆ" ಎಂದರು. "ಸಿಸ್ಟಂನಲ್ಲಿ ಇಲ್ವಲ್ರೀ" ಎಂದಿರಿ.

ನಾನೇ ತಮ್ಮ ಕಚೇರಿಗೆ ಬಂದೆ. "ಮುಖ ನೋಡಿ ಹಾಜರಿ ಹಾಕಬಹುದಲ್ಲ ಸಾರ್?" ಎಂದೆ.

"ಮುಖಕ್ಕೆ ಕಾಲಂ ಇಲ್ಲ. ಹದಿನೈದು ದಿನ ಕೆಲಸ ಬಿಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ರೇಖೆ ಬರುತ್ತೆ."

ಕೆಲಸ ಕಲಿಯಲು ಹೋದವಳು ಹಾಜರಿಗಾಗಿ ಕೆಲಸ ಬಿಡಬೇಕೇ? ಆದರೂ ಪಾಲಿಸಿದೆವು. ಹದಿನೈದು ದಿನ ನನ್ನ ಮಗಳು ಎಣ್ಣೆ ಹಚ್ಚಿದ ಬೆರಳೆತ್ತಿಕೊಂಡು ಶೆಡ್ಡಿನ ಸ್ಟೂಲಿನ ಮೇಲೆ ಕೂತಳು. ಗಿರಾಕಿಯೊಬ್ಬರು "ಏನವ್ವ, ಚೇಳು ಕಡೀತಾ?" ಎಂದು ಕೇಳಿದರಂತೆ. ಹತ್ತನೆಯ ದಿನ ಮನೆಗೆ ಬಂದವಳೇ ಅತ್ತಳು. "ಕಲಿತಿದ್ದೆಲ್ಲ ಕೈಗೆ ಮರ್ತುಹೋಗ್ತಿದೆ ಅಪ್ಪ." ರೇಖೆ ಮೂಡಿತು, ಯಂತ್ರ ಹಾಜರಿ ಎಂದಿತು. ಹದಿನಾರನೆಯ ದಿನ ತಮ್ಮಿಂದ ಪ್ರಶಂಸಾಪತ್ರ ಬಂತು, ತರಬೇತಿಯಲ್ಲಿ ಗಮನಾರ್ಹ ಪ್ರಗತಿ ಎಂದು! ಅವತ್ತೇ ಅವಳು ಮತ್ತೆ ಕೆಲಸ ಹಿಡಿದಳು. ವಾರದೊಳಗೆ ಮತ್ತೆ ಗೈರು. ಹೀಗೇ ವರ್ಷ ಮುಗಿಯುತ್ತ ಬಂತು.

ಖುದ್ದಾಗಿ ಬಂದು ವಿವರಣೆ ಕೊಡಬೇಕೆಂದು ನೋಟಿಸಿನಲ್ಲಿತ್ತು. ಕಳೆದ ಸೋಮವಾರ ಅವಳು ತಮ್ಮ ಮೇಜಿನ ಮುಂದೆ ನಿಂತಳು. ಬಂದದ್ದಕ್ಕೆ ಹೆಬ್ಬೆಟ್ಟು ಒತ್ತಲು ಹೇಳಿದಿರಿ. ಯಂತ್ರ ಒಪ್ಪಲಿಲ್ಲ. ಅವಳ ಕಣ್ಣೆದುರೇ 'ಅಭ್ಯರ್ಥಿ ಹಾಜರಾಗಲಿಲ್ಲ' ಎಂದು ಬರೆದು, "ತಗೋಮ್ಮ, ನಿನ್ನ ಪ್ರತಿ" ಎಂದು ಅವಳ ಕೈಗೇ ಕೊಟ್ಟಿರಿ. ಬಾರದವಳ ಕೈಗೆ ಅದು ಹೇಗೆ ಕೊಟ್ಟಿರಿ ಸ್ವಾಮಿ?

ಕರಿಯಯ್ಯನವರು ಮಾತ್ರ, "ಕಾಗ್ದ ಏನಾರ ಹೇಳ್ಲಿ, ನಾಳೆ ಬಾರವ್ವ. ನಾವ್ ಒಪ್ಕೊಂಡಿರೋ ಹೊಸ ಸ್ಕೂಲ್ ಕಟ್ಟಡದ್ ಬಾಗ್ಲು ನೀನೇ ಕೂರಿಸ್ಬೇಕು" ಎಂದರು. ಮೊನ್ನೆ ಕೂರಿಸಿದಳು. ನೋಡಲು ಹೋಗಿದ್ದೆ. ಮೆಲ್ಲಗೆ ನೂಕಿದೆ, ಸದ್ದೇ ಇಲ್ಲದೆ ಮುಚ್ಚಿಕೊಂಡಿತು. ಮಗಳ ಜೊತೆ ಎರಡು ದಿನ ಮಾತು ಬಿಟ್ಟದ್ದಕ್ಕೆ ಆಗ ನಾಚಿಕೆಯಾಯಿತು.

ಪರೀಕ್ಷೆ ಮುಂದಿನ ತಿಂಗಳು. ನೋಟಿಸು ರದ್ದು ಮಾಡಿ, ಕರಿಯಯ್ಯನವರು ದಿನಾ ಬರೆದು ಸಹಿ ಮಾಡಿಟ್ಟ ಶೆಡ್ಡಿನ ಹಾಜರಿ ಪುಸ್ತಕ ಒಪ್ಪಿ, ಅವಳನ್ನು ಪರೀಕ್ಷೆಗೆ ಕೂರಿಸಬೇಕು. ಆಗದೆಂದರೆ, ಈ ತರಬೇತಿ ಕೆಲಸ ಮಾಡದವರಿಗೆ ಮಾತ್ರ ಎಂದು ಬರೆದು ಕಚೇರಿಯ ಗೋಡೆಗೆ ತೂಗುಹಾಕಿ. ಚೌಕಟ್ಟು ಶ್ರೀಜಾಳೇ ಮಾಡಿಕೊಡುತ್ತಾಳೆ.

ಇಂತಿ,
ಮಗಳು ಇದ್ದಾಳೆಂದು ಬಲ್ಲೆನಾದರೂ ಸಾಬೀತು ಮಾಡಲಾರದ ತಂದೆ,
ವಿಜಯಸಾರಥಿ, ಅರಸೀಕೆರೆ